ಸಿನಿಮಾ ಪ್ರಶ್ನೋತ್ತರ: ಜೇಮ್ಸ್ ಸ್ಟುವರ್ಟ್ ಮಾತು ತಡವರಿಸುತ್ತಿದ್ದುದು ಎಲ್ಲೆಲ್ಲಿ?

ಹಾಲಿವುಡ್ ನಟ ಜೇಮ್ಸ್ ಸ್ಟುವರ್ಟ್ (1908–1997) ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಬಹುಪಾಲು ಪತ್ರಗಳಲ್ಲಿ ಒಂದು ಮಾತು ಇದ್ದೇ ಇದೆ: "ಅವರು ನಟಿಸುವುದೇ ಇಲ್ಲ, ಇದ್ದ ಹಾಗೇ ಇರುತ್ತಾರೆ." ಮೆಚ್ಚುಗೆಯಿಂದ ಬಂದ ಮಾತೇ ಆದರೂ ನಾವು ಇದನ್ನು ಒಪ್ಪುವುದಿಲ್ಲ. ಆ ಸಹಜತೆಯ ಹಿಂದೆ ಎಷ್ಟು ಕೆಲಸವಿತ್ತು ಎಂಬುದು ಕೆಳಗಿನ ಉತ್ತರಗಳಲ್ಲಿ ಅಲ್ಲಲ್ಲಿ ಕಾಣುತ್ತದೆ.

ಪ್ರಶ್ನೆ: ಸ್ಟುವರ್ಟ್ ಅವರ ತಡವರಿಕೆ ನಿಜವೋ, ನಟನೆಯೋ? ನಮ್ಮ ಹವ್ಯಾಸಿ ತಂಡದ ನಾಟಕದಲ್ಲಿ ನನಗೆ ಅಂಥದೇ ಪಾತ್ರ ಸಿಕ್ಕಿದೆ. ನಾನು ಹಾಗೆ ಮಾತಾಡಿದರೆ ಮಾತು ಮರೆತುಹೋಗಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ: ಎಳೆದು ಮಾತಾಡುವ ಧಾಟಿ ಅವರದೇ. ಟಿ.ವಿ. ಸಂದರ್ಶನಗಳಲ್ಲೂ ಅವರು ಹಾಗೇ ಮಾತಾಡುತ್ತಿದ್ದರು. ಆದರೆ ತೆರೆಯ ಮೇಲೆ ಅದನ್ನು ಎಲ್ಲಿ ಇಡಬೇಕು, ಎಲ್ಲಿ ತೆಗೆಯಬೇಕು ಎನ್ನುವುದರಲ್ಲಿ ಲೆಕ್ಕವಿದೆ. 1959ರ 'ಅನಾಟಮಿ ಆಫ್ ಎ ಮರ್ಡರ್' ನೋಡಿ. ಅದರಲ್ಲಿ ಅವರು ಸಣ್ಣ ಊರಿನ ವಕೀಲ. ಕಚೇರಿಯಲ್ಲಿ ಕೂತು ಮೀನು ಹಿಡಿಯುವ ಗಾಳದ ಸಾಮಾನು ಸರಿಮಾಡುವಾಗ ಮಾತು ತೂಕಡಿಸುತ್ತದೆ. ಅದೇ ಮನುಷ್ಯ ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಪಾಟಿ ಸವಾಲಿಗೆ ಎಳೆದಾಗ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ, ತಡವರಿಕೆಯ ಸುಳಿವೂ ಇರುವುದಿಲ್ಲ. ತಡೆಯಲಾಗದ ಅಭ್ಯಾಸವಾಗಿದ್ದರೆ ಹೀಗೆ ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯಲು ಆಗುತ್ತಿರಲಿಲ್ಲ.

ಈಗ ನಿಮ್ಮ ತೊಂದರೆಗೆ ಬರೋಣ. ಅವರ ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಮೂರು ಸಂಗತಿ ಕಣ್ಣಿಗೆ ಬೀಳುತ್ತವೆ. ಮಾತು ಕಡಿಯುವುದು ವಾಕ್ಯದ ಕೊನೆಯಲ್ಲಲ್ಲ, ವಾಕ್ಯದ ಭಾರ ಹೊರುವ ಪದದ ಹಿಂದೆ. ಕಡಿದ ಜಾಗದಲ್ಲಿ ಕಣ್ಣು ಖಾಲಿ ಇರುವುದಿಲ್ಲ, ಎದುರಿನವರ ಮುಖದ ಮೇಲೋ ಕೈಯಲ್ಲಿರುವ ವಸ್ತುವಿನ ಮೇಲೋ ನೆಟ್ಟಿರುತ್ತದೆ. ಮತ್ತೆ ಶುರುವಾಗುವ ಮಾತು ಬಿಟ್ಟಲ್ಲಿಂದ ಮುಂದಕ್ಕೆ ಹೋಗದೆ ಎರಡು ಪದ ಹಿಂದಕ್ಕೆ ಹೋಗಿ ಬರುತ್ತದೆ. ಮಾತು ಮರೆತವನು ಮಾಡುವುದು ಇದರ ಉಲ್ಟಾ: ಕೊನೆಯಲ್ಲಿ ನಿಲ್ಲುತ್ತಾನೆ, ನೆಲ ಅಥವಾ ಪರದೆಯ ಪಕ್ಕ ನೋಡುತ್ತಾನೆ, ಮುಂದಿನ ಪದ ಸಿಕ್ಕ ಕೂಡಲೇ ಓಡುತ್ತಾನೆ. ನಿಮ್ಮ ತಂಡದವರಿಗೆ ಅನುಮಾನ ಬರುತ್ತಿರುವುದು ಬಹುಶಃ ಇದರಿಂದಲೇ.

ಹತ್ತು ಸಾಲಿನ ಒಂದು ಮಾತು ತೆಗೆದುಕೊಳ್ಳಿ. ಮೊದಲು ಒಂದೂ ತಡೆಯಿಲ್ಲದೆ, ನೀರು ಕುಡಿದ ಹಾಗೆ ಬರುವವರೆಗೆ ಬಾಯಿಪಾಠ ಮಾಡಿ. ಆಮೇಲೆ ಪೆನ್ಸಿಲ್ಲಿನಲ್ಲಿ ಎರಡೇ ಎರಡು ಕಡೆ ಗೆರೆ ಎಳೆಯಿರಿ, ಮೂರನೆಯದು ಬೇಡ. ಆ ಎರಡು ಜಾಗದಲ್ಲಿ 'ಆ… ಊ…' ಎಂದು ತುಂಬಿಸದೆ ಸುಮ್ಮನೆ ನಿಲ್ಲಿ. ಕೈಗೆ ಒಂದು ಕೆಲಸ ಕೊಡಿ, ಟೋಪಿ ತಿರುಗಿಸುವುದೋ ಗುಂಡಿ ಹಾಕುವುದೋ ಸಾಕು. ಎದುರಿನ ನಟರಿಗೆ ನಿಮ್ಮ ಮಾತಿನ ಕೊನೆಯ ಪದ ಯಾವುದೆಂದು ಮೊದಲೇ ಹೇಳಿಡಿ. ಇಲ್ಲವಾದರೆ ನೀವು ಮಧ್ಯೆ ನಿಂತಾಗ ಅವರು ತಮ್ಮ ಮಾತು ಶುರು ಮಾಡಿಬಿಡುತ್ತಾರೆ. ಈ ಶೈಲಿ ಕೆಡುವುದು ಹೆಚ್ಚಾಗಿ ಅಲ್ಲೇ.

1939ರ 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' ಚಿತ್ರದ ಕೊನೆಯಲ್ಲಿ, ಗಂಟೆಗಟ್ಟಲೆ ಭಾಷಣ ಮಾಡಿ ಗಂಟಲು ಕಟ್ಟಿದ ದನಿ ಅವರಿಗೆ ಬೇಕಿತ್ತು. ವೈದ್ಯರೊಬ್ಬರು ಪಾದರಸದ ಕ್ಲೋರೈಡ್ ದ್ರಾವಣವನ್ನು ಗಂಟಲಿಗೆ ಹಚ್ಚಿ ಧ್ವನಿತಂತುಗಳು ಊದುವಂತೆ ಮಾಡಿದರು. ಅದು ವಿಷ, ಯಾರೂ ಅನುಕರಿಸಬಾರದು. ಆದರೆ 'ನಟಿಸುವುದೇ ಇಲ್ಲ' ಎಂಬ ನಟ ಒಂದು ದೃಶ್ಯದ ದನಿಗಾಗಿ ಎಷ್ಟು ದೂರ ಹೋದರು ಎಂಬುದಕ್ಕೆ ಇದು ಸಾಕ್ಷಿ.

ಪ್ರಶ್ನೆ: ಅವರು ಹುಟ್ಟಿದ್ದು ಇಂಡಿಯಾನಾದಲ್ಲಿ ಎಂದು ಒಂದು ಕಡೆ, ಪೆನ್ಸಿಲ್ವೇನಿಯಾದಲ್ಲಿ ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇಂಡಿಯಾನಾ ಎಂಬ ಪಟ್ಟಣವಿದೆ. ಇಂಡಿಯಾನಾ ರಾಜ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ಟುವರ್ಟ್ 1908ರ ಮೇ 20ರಂದು ಆ ಪಟ್ಟಣದಲ್ಲಿ ಹುಟ್ಟಿದರು. ತಂದೆಗೆ ಅಲ್ಲಿ ಹಾರ್ಡ್‌ವೇರ್ ಅಂಗಡಿ ಇತ್ತು. 'ದಿ ಫಿಲಡೆಲ್ಫಿಯಾ ಸ್ಟೋರಿ'ಗೆ 1941ರಲ್ಲಿ ಬಂದ ಆಸ್ಕರ್ ಪ್ರತಿಮೆಯನ್ನು ಮಗ ಅಪ್ಪನಿಗೆ ಕಳಿಸಿಕೊಟ್ಟರು, ಅದು ವರ್ಷಗಟ್ಟಲೆ ಆ ಅಂಗಡಿಯಲ್ಲೇ ಇತ್ತು. ಪಟ್ಟಣದ ಗ್ರಂಥಾಲಯದ ಕಟ್ಟಡದಲ್ಲಿ 1995ರಿಂದ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.

ಪ್ರಶ್ನೆ: ವಾಸ್ತುಶಿಲ್ಪ ಓದಿದವರು ನಟನಾದದ್ದು ಹೇಗೆ? ಆಗಿನ ಸ್ಟುಡಿಯೊ ಕರಾರು ಎಂದರೆ ಏನು?

ಉತ್ತರ: ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1932ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದರು. ದೇಶದಲ್ಲಿ ಆಗ ಮಹಾ ಆರ್ಥಿಕ ಕುಸಿತ, ಕಟ್ಟಡ ಕಟ್ಟಿಸುವವರೇ ಕಡಿಮೆ. ಆ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್ ಕರಾವಳಿಯ 'ಯೂನಿವರ್ಸಿಟಿ ಪ್ಲೇಯರ್ಸ್' ನಾಟಕ ತಂಡ ಸೇರಿದರು. ಅಲ್ಲಿಂದ ನ್ಯೂಯಾರ್ಕಿನ ಬ್ರಾಡ್‌ವೇ. ಅಲ್ಲಿ ಕೋಣೆ ಹಂಚಿಕೊಂಡ ಗೆಳೆಯ ನಟ ಹೆನ್ರಿ ಫೋಂಡಾ. 1935ರಲ್ಲಿ ಎಂ.ಜಿ.ಎಂ. ಸ್ಟುಡಿಯೊ ವಾರಕ್ಕೆ 350 ಡಾಲರ್ ಸಂಬಳಕ್ಕೆ ಕರಾರು ಮಾಡಿಕೊಂಡಿತು.

ಆ ಕಾಲದ ಕರಾರು ಸಾಮಾನ್ಯವಾಗಿ ಏಳು ವರ್ಷದ್ದು. ಆದರೆ ಏಳು ವರ್ಷ ಕಟ್ಟಿಬೀಳುತ್ತಿದ್ದುದು ನಟ ಮಾತ್ರ. ಸ್ಟುಡಿಯೊ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ 'ಮುಂದುವರಿಸುತ್ತೇವೆ' ಅಥವಾ 'ಸಾಕು' ಎನ್ನಬಹುದಿತ್ತು. ಸಂಬಳ ವರ್ಷಕ್ಕೆ 40 ವಾರ, ಉಳಿದ 12 ವಾರ ಸಂಬಳವಿಲ್ಲದ ರಜೆ. ಕೊಟ್ಟ ಪಾತ್ರ ಒಲ್ಲೆ ಎಂದರೆ ಅಮಾನತು. ಅಮಾನತಾದ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು, ಹಾಗಾಗಿ ಏಳು ವರ್ಷ ಒಂಬತ್ತಾಗಬಹುದಿತ್ತು. ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಇದರ ವಿರುದ್ಧ ಮೊಕದ್ದಮೆ ಹೂಡಿ ಗೆದ್ದರು. ಏಳು ವರ್ಷ ಎಂದರೆ ಕ್ಯಾಲೆಂಡರಿನ ಏಳು ವರ್ಷವೇ ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 1944ರಲ್ಲಿ ತೀರ್ಪು ಕೊಟ್ಟಿತು.

ನಟರನ್ನು ಬೇರೆ ಸ್ಟುಡಿಯೊಗೆ ಎರವಲು ಕೊಡುವ ಪದ್ಧತಿಯೂ ಇತ್ತು. ಸ್ಟುವರ್ಟ್ ಮಟ್ಟಿಗೆ ಅದೇ ವರವಾಯಿತು. ಎಂ.ಜಿ.ಎಂ. ತನ್ನ ಮನೆಯಲ್ಲಿ ಅವರಿಗೆ ಎರಡನೇ ಸಾಲಿನ ಪಾತ್ರ ಕೊಡುತ್ತಿದ್ದಾಗ, ಎರವಲು ಪಡೆದ ಕೊಲಂಬಿಯಾ ಸ್ಟುಡಿಯೊದಲ್ಲಿ ನಿರ್ದೇಶಕ ಫ್ರಾಂಕ್ ಕಾಪ್ರಾ 1938 ಮತ್ತು 1939ರಲ್ಲಿ ಎರಡು ಚಿತ್ರ ಮಾಡಿ ಅವರನ್ನು ತಾರೆಯಾಗಿಸಿದರು. ಯುದ್ಧ ಮುಗಿಸಿ ಬಂದ ಮೇಲೆ ಸ್ಟುವರ್ಟ್ ಎಂ.ಜಿ.ಎಂ. ಜತೆಗಿನ ಕರಾರನ್ನು ಮುಂದುವರಿಸಲಿಲ್ಲ.

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅವರು ನಿಜವಾಗಿ ಯುದ್ಧ ವಿಮಾನ ಹಾರಿಸಿದರೇ? ಪ್ರಚಾರಕ್ಕಾಗಿ ಸಮವಸ್ತ್ರ ತೊಟ್ಟವರಲ್ಲಿ ಒಬ್ಬರೇ?

ಉತ್ತರ: ನಿಜವಾಗಿ ಹಾರಿಸಿದರು. ಅದಕ್ಕಾಗಿ ಮೊದಲು ಮೈತೂಕದ ಜತೆ ಹೋರಾಡಬೇಕಾಯಿತು. ಎತ್ತರ 6 ಅಡಿ 3 ಅಂಗುಲ, ತೂಕ 138 ಪೌಂಡ್, ಅಂದರೆ 63 ಕೆ.ಜಿ.ಗೂ ಕಡಿಮೆ. ಆ ಎತ್ತರಕ್ಕೆ ಸೇನೆ ಕೇಳುತ್ತಿದ್ದ ಕನಿಷ್ಠ ತೂಕಕ್ಕೆ 5 ಪೌಂಡ್ ಸಾಲದೆ ಮೊದಲ ಸಲ ತಿರಸ್ಕೃತರಾದರು. ತೂಕ ಏರಿಸಿಕೊಂಡು ಮತ್ತೆ ಹೋಗಿ 1941ರ ಮಾರ್ಚ್ 22ರಂದು ಸಾಮಾನ್ಯ ಸೈನಿಕರಾಗಿ ಸೇರಿದರು. ಪರ್ಲ್ ಹಾರ್ಬರ್ ದಾಳಿಗೆ ಆಗ ಇನ್ನೂ ಎಂಟು ತಿಂಗಳಿತ್ತು. ಸಂಬಳ ತಿಂಗಳಿಗೆ 21 ಡಾಲರ್.

ವಿಮಾನ ಹಾರಿಸಲು ಅವರು ಮೊದಲೇ ಕಲಿತಿದ್ದರು, 1938ರಲ್ಲೇ ವಾಣಿಜ್ಯ ಪೈಲಟ್ ಪರವಾನಗಿ ಪಡೆದಿದ್ದರು. ಸೇನೆ ಅವರನ್ನು ಬಹಳ ದಿನ ತರಬೇತುದಾರರಾಗಿಯೇ ಇಟ್ಟುಕೊಂಡಿತು. ಕೊನೆಗೆ 1943ರ ನವೆಂಬರಿನಲ್ಲಿ 445ನೇ ಬಾಂಬರ್ ಗ್ರೂಪಿನ ಒಂದು ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿ ಇಂಗ್ಲೆಂಡಿನ ಟಿಬೆನ್‌ಹ್ಯಾಮ್ ನೆಲೆಗೆ ಹೋದರು. ವಿಮಾನ ಬಿ-24 ಲಿಬರೇಟರ್: ನಾಲ್ಕು ಎಂಜಿನ್, ಸಾಮಾನ್ಯವಾಗಿ ಹತ್ತು ಮಂದಿ ಸಿಬ್ಬಂದಿ, ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲ. ಮೇಲೆ ಹೋದಂತೆ ಆಮ್ಲಜನಕದ ಮುಖವಾಡ ಬೇಕು, ಚಳಿ ಶೂನ್ಯಕ್ಕಿಂತ ಬಹಳ ಕೆಳಗೆ. ಜರ್ಮನಿಯ ಕೀಲ್ ಬಂದರಿನ ಮೇಲಿನ ದಾಳಿ ಅವರ ಮೊದಲ ಕಾರ್ಯಾಚರಣೆ. ಲೆಕ್ಕಕ್ಕೆ ಸಿಗುವ ಕಾರ್ಯಾಚರಣೆಗಳು 20. ಸಾಮಾನ್ಯ ಸೈನಿಕರಾಗಿ ಸೇರಿದವರು ನಾಲ್ಕೇ ವರ್ಷದಲ್ಲಿ, 1945ರ ಮಾರ್ಚಿನಲ್ಲಿ ಕರ್ನಲ್ ಆದರು. 1959ರಲ್ಲಿ ವಾಯುಪಡೆಯ ಮೀಸಲು ದಳದಲ್ಲಿ ಬ್ರಿಗೇಡಿಯರ್ ಜನರಲ್.

ಪ್ರಚಾರದ ಮಾತು ಕೇಳಿದ್ದೀರಿ. ಅದಕ್ಕೆ ತದ್ವಿರುದ್ಧವಾಗಿ, ಯುದ್ಧಾನಂತರದ ಚಿತ್ರಗಳ ಜಾಹೀರಾತಿನಲ್ಲಿ ತಮ್ಮ ಸೇನಾ ದಾಖಲೆ ಬಳಸಕೂಡದು ಎಂದು ಅವರು ಪಟ್ಟು ಹಿಡಿದರು. 1966ರಲ್ಲಿ ವಿಯೆಟ್ನಾಂ ಮೇಲೆ ಬಿ-52 ಬಾಂಬರ್ ವಿಮಾನದಲ್ಲಿ ಹೋದದ್ದು ಮಾತ್ರ ವೀಕ್ಷಕರಾಗಿ, ಪೈಲಟ್ ಆಗಿ ಅಲ್ಲ. ಹಲವು ಲೇಖನಗಳಲ್ಲಿ ಇದು ತಪ್ಪಾಗಿ ಬರುತ್ತದೆ.

ಪ್ರಶ್ನೆ: 'ಇಟ್ಸ್ ಎ ವಂಡರ್‌ಫುಲ್ ಲೈಫ್' ಚಿತ್ರದಲ್ಲಿ ಹಿಮ ಬೀಳುವುದು ನಿಜದ ಹಾಗೇ ಇದೆ. ಹೇಗೆ ಮಾಡಿದರು?

ಉತ್ತರ: ಚಿತ್ರೀಕರಣ ನಡೆದದ್ದು 1946ರ ಏಪ್ರಿಲ್‌ನಿಂದ ಜುಲೈವರೆಗೆ, ಲಾಸ್ ಏಂಜಲೀಸ್ ಬಳಿಯ ಎನ್ಸಿನೊದಲ್ಲಿದ್ದ ಆರ್.ಕೆ.ಒ. ಸ್ಟುಡಿಯೊದ ಬಯಲಿನಲ್ಲಿ, ಸುಡುಬೇಸಿಗೆಯಲ್ಲಿ. ಸುಮಾರು ನಾಲ್ಕು ಎಕರೆಯ ಸೆಟ್, ಒಂದು ಇಡೀ ಊರಿನ ಪೇಟೆ ಬೀದಿ. ಸೇತುವೆಯ ಮೇಲಿನ ದೃಶ್ಯದಲ್ಲಿ ಸ್ಟುವರ್ಟ್ ಹಣೆಯ ಬೆವರು ಗಮನಿಸಿ, ಪಾತ್ರದ ಸಂಕಟಕ್ಕೂ ಅದು ಹೊಂದಿಕೊಂಡುಬಿಟ್ಟಿದೆ.

ಅಲ್ಲಿಯವರೆಗೆ ಹಿಮಕ್ಕೆ ಬಳಸುತ್ತಿದ್ದುದು ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್. ನೋಡಲು ಪರವಾಗಿಲ್ಲ, ಆದರೆ ಕಾಲಿಟ್ಟರೆ ಕರಕರ ಸದ್ದು. ಹಾಗಾಗಿ ಹಿಮದ ದೃಶ್ಯಗಳ ಸಂಭಾಷಣೆಯನ್ನೆಲ್ಲ ಆಮೇಲೆ ಡಬ್ ಮಾಡಬೇಕಾಗುತ್ತಿತ್ತು. ಚಿತ್ರದ ನಿರ್ದೇಶಕ ಕಾಪ್ರಾಗೆ ಸ್ಥಳದಲ್ಲೇ ಧ್ವನಿ ಹಿಡಿಯಬೇಕಿತ್ತು. ಸ್ಟುಡಿಯೊದ ವಿಶೇಷ ಪರಿಣಾಮ ವಿಭಾಗದ ರಸೆಲ್ ಶಿಯರ್‌ಮನ್ ಮತ್ತು ಸಂಗಡಿಗರು, ಬೆಂಕಿ ಆರಿಸುವ ಸಾಧನದ ನೊರೆಗೆ ಬಳಸುವ ಫೋಮೈಟ್ ಎಂಬ ವಸ್ತುವನ್ನು ಸಾಬೂನು ಮತ್ತು ನೀರಿನ ಜತೆ ಬೆರೆಸಿ, ಒತ್ತಡದಲ್ಲಿ ಹಾಯಿಸಿ ದೊಡ್ಡ ಫ್ಯಾನಿನ ಗಾಳಿಗೆ ತೂರಿದರು. ನೊರೆಯ ತುಣುಕು ಹಗುರವಾಗಿ ಇಳಿಯುತ್ತದೆ, ಕೋಟಿನ ಮೇಲೆ ಕೂತು ನಿಧಾನವಾಗಿ ಕರಗುತ್ತದೆ, ಮುಖ್ಯವಾಗಿ ಸದ್ದಿಲ್ಲ. ಈ ಕೆಲಸಕ್ಕೆ ಅಕಾಡೆಮಿಯ ತಾಂತ್ರಿಕ ಗೌರವವೂ ಬಂತು.

ಅದೇ ಚಿತ್ರದಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ತಾಂತ್ರಿಕ ಸಂಗತಿಯಿದೆ. ದಿಕ್ಕು ತೋಚದ ಜಾರ್ಜ್ ಬೇಯ್ಲಿ (ಸ್ಟುವರ್ಟ್ ಪಾತ್ರ) ಮದ್ಯದಂಗಡಿಯಲ್ಲಿ ಕೂತು ಮೆಲುದನಿಯಲ್ಲಿ ದೇವರನ್ನು ಬೇಡಿಕೊಳ್ಳುತ್ತಾನಲ್ಲ, ಅಲ್ಲಿ ಸ್ಟುವರ್ಟ್‌ಗೆ ನಿಜವಾಗಿ ಅಳು ಬಂದುಬಿಟ್ಟಿತು. ಕ್ಯಾಮೆರಾ ಇದ್ದದ್ದು ದೂರದಲ್ಲಿ. ಮತ್ತೊಮ್ಮೆ ಹತ್ತಿರದಿಂದ ತೆಗೆಯೋಣ ಎಂದರೆ ಆ ಅಳು ಮತ್ತೆ ಬರುವ ಭರವಸೆ ಇರಲಿಲ್ಲ. ಕಾಪ್ರಾ ಆ ಟೇಕನ್ನೇ ಲ್ಯಾಬಿಗೆ ಕಳಿಸಿದರು. ಅಲ್ಲಿ ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಒಂದೊಂದೇ ಚೌಕಟ್ಟನ್ನು (ಫ್ರೇಮ್), ಪ್ರತಿ ಸಲ ಸ್ವಲ್ಪ ಸ್ವಲ್ಪ ಹಿಗ್ಗಿಸುತ್ತ ಮರುಚಿತ್ರೀಕರಿಸಿದರು. ತೆರೆಯ ಮೇಲೆ ಕ್ಯಾಮೆರಾ ಮೆಲ್ಲಗೆ ಮುಖದತ್ತ ಸರಿದಂತೆ ಕಾಣುತ್ತದೆ. ಹಿಗ್ಗಿಸಿದರೆ ಫಿಲ್ಮಿನ ಗ್ರೇನ್ ಕೂಡ ಹಿಗ್ಗುತ್ತದೆ. ಒಳ್ಳೆಯ ಪ್ರತಿಯಲ್ಲಿ ನೋಡಿದರೆ ಆ ಒಂದು ಶಾಟಿನಲ್ಲಿ ಮರಳು ಮರಳಾದ ಒರಟುತನ ಎದ್ದು ಕಾಣುತ್ತದೆ. ಅದು ದೋಷವಲ್ಲ, ಒಬ್ಬ ನಟನ ಒಂದೇ ಸಲದ ಕಣ್ಣೀರನ್ನು ಉಳಿಸಿಕೊಂಡ ಗುರುತು.

ಪ್ರಶ್ನೆ: ಆ ಚಿತ್ರ ಬಿಡುಗಡೆಯಾದಾಗ ಸೋತಿತ್ತು, ಆಮೇಲೆ ಪುಕ್ಕಟೆಯಾಗಿ ಟಿ.ವಿ.ಯಲ್ಲಿ ಬಂದು ಗೆದ್ದಿತು ಅನ್ನುತ್ತಾರೆ. ಪುಕ್ಕಟೆ ಹೇಗೆ? ಈಗ ಯಾರು ಬೇಕಾದರೂ ತೋರಿಸಬಹುದೇ?

ಉತ್ತರ: ಸೋತದ್ದು ಹೌದು. ಖರ್ಚು 30 ಲಕ್ಷ ಡಾಲರಿಗೂ ಹೆಚ್ಚು. ಆರ್.ಕೆ.ಒ. ಲೆಕ್ಕಪುಸ್ತಕದಲ್ಲಿ 5 ಲಕ್ಷ 25 ಸಾವಿರ ಡಾಲರ್ ನಷ್ಟ. ಆದರೆ ಐದು ಆಸ್ಕರ್ ನಾಮನಿರ್ದೇಶನ ಪಡೆದ ಚಿತ್ರ ಅದು, ಯಾರ ಕಣ್ಣಿಗೂ ಬೀಳದೆ ಹೋದದ್ದಲ್ಲ.

ಪುಕ್ಕಟೆಯಾದದ್ದು ಕಾನೂನಿನ ಒಂದು ಗಡುವು ತಪ್ಪಿದ್ದರಿಂದ. ಅಮೆರಿಕದಲ್ಲಿ ಆಗ ಕೃತಿಸ್ವಾಮ್ಯ 28 ವರ್ಷಕ್ಕೆ ಇರುತ್ತಿತ್ತು. 28ನೇ ವರ್ಷದಲ್ಲಿ ಅರ್ಜಿ ಹಾಕಿ ನವೀಕರಿಸಿದರೆ ಇನ್ನೊಂದು ಅವಧಿ ಸಿಗುತ್ತಿತ್ತು, ಹಾಕದಿದ್ದರೆ ಹಕ್ಕು ಹೋಯಿತು. 1946ಕ್ಕೆ 28 ಸೇರಿಸಿ: 1974. ಆ ವರ್ಷ ಹಕ್ಕುದಾರ ಕಂಪನಿಯಿಂದ ನವೀಕರಣ ಆಗಲಿಲ್ಲ. ರಾಯಧನ ಕೊಡಬೇಕಿಲ್ಲವಾದ್ದರಿಂದ ದೇಶದ ಸ್ಥಳೀಯ ಟಿ.ವಿ. ಕೇಂದ್ರಗಳೆಲ್ಲ ಕ್ರಿಸ್‌ಮಸ್ ಬಂದಾಗ ಅದನ್ನೇ ಹಾಕಿದವು. ಒಂದು ತಲೆಮಾರು ಅದನ್ನು ಹೀಗೆ ಮನೆಯಲ್ಲಿ ಕೂತು ನೋಡಿತು.

ಆದರೆ ಇದೇ ನವೀಕರಣದ ನಿಯಮ ಸ್ಟುವರ್ಟ್ ಅವರ ಇನ್ನೊಂದು ಚಿತ್ರದ ಮೂಲಕ ತಿರುಗಿ ಬಂತು. 1954ರ 'ರಿಯರ್ ವಿಂಡೋ'ಗೆ ಆಧಾರ ಕಾರ್ನೆಲ್ ವುಲ್ರಿಚ್ 1942ರಲ್ಲಿ ಪ್ರಕಟಿಸಿದ ಒಂದು ಸಣ್ಣಕತೆ. ಚಿತ್ರದ ಹಕ್ಕಿನಲ್ಲಿ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಜತೆ ಸ್ಟುವರ್ಟ್‌ಗೂ ಪಾಲಿತ್ತು. ಲೇಖಕರು ನವೀಕರಣದ ವರ್ಷ ಬರುವ ಮುನ್ನವೇ, 1968ರಲ್ಲಿ ತೀರಿಕೊಂಡರು. ಕತೆಯ ನವೀಕೃತ ಹಕ್ಕನ್ನು ಶೆಲ್ಡನ್ ಅಬೆಂಡ್ ಎಂಬವರು 650 ಡಾಲರ್ ಮತ್ತು ಮುಂದಿನ ಗಳಿಕೆಯ ಶೇ. 10ರ ಕರಾರಿನ ಮೇಲೆ ಕೊಂಡರು. 1983ರಲ್ಲಿ ಚಿತ್ರ ಮರುಬಿಡುಗಡೆಯಾದ ಮೇಲೆ ಅವರು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 'ಸ್ಟುವರ್ಟ್ ವಿರುದ್ಧ ಅಬೆಂಡ್' ಎಂದು ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುವ ಪ್ರಕರಣ ಇದೇ, ಆ ಸ್ಟುವರ್ಟ್ ನಮ್ಮ ನಟರೇ. 1990ರ ಏಪ್ರಿಲ್ 24ರಂದು ಆರು–ಮೂರು ಬಹುಮತದ ತೀರ್ಪು ಬಂತು: ಚಿತ್ರದಲ್ಲಿ ಹೊಸದಾಗಿ ಸೇರಿಸಿದ್ದು ಚಿತ್ರದವರದು. ಕತೆಯ ಭಾಗ ಮಾತ್ರ ನವೀಕೃತ ಹಕ್ಕು ಉಳ್ಳವರದು, ಅವರ ಒಪ್ಪಿಗೆ ಇಲ್ಲದೆ ಚಿತ್ರ ತೋರಿಸುವಂತಿಲ್ಲ.

ಈ ತೀರ್ಪಿನ ಬೆನ್ನಿಗೆ ರಿಪಬ್ಲಿಕ್ ಪಿಕ್ಚರ್ಸ್ ಕಂಪನಿ 1993ರಲ್ಲಿ 'ವಂಡರ್‌ಫುಲ್ ಲೈಫ್' ಮೇಲೆ ಹಕ್ಕು ಸಾಧಿಸಿತು. ಚಿತ್ರದ ನವೀಕರಣ ತಪ್ಪಿದ್ದರೂ ಅದರ ಆಧಾರವಾದ ಕತೆಯ ಹಕ್ಕು ಜೀವಂತವಾಗಿತ್ತು, ಸಂಗೀತದ ಹಕ್ಕೂ ಅವರ ಕೈಯಲ್ಲಿತ್ತು. ಹಾಗಾಗಿ ಯಾರು ಬೇಕಾದರೂ ತೋರಿಸಬಹುದು ಎನ್ನುವ ಮಾತು ಈಗ ಸಲ್ಲದು. ಚಿತ್ರಸಮಾಜಗಳು ಪ್ರದರ್ಶನ ಇಟ್ಟುಕೊಳ್ಳುವ ಮೊದಲು ಅನುಮತಿ ಕೇಳಲೇಬೇಕು.

ಪ್ರಶ್ನೆ: ಲಾಭದಲ್ಲಿ ಪಾಲು ಕೇಳಿದ ಮೊದಲ ನಟ ಸ್ಟುವರ್ಟ್ ಅಂತ ಓದಿದೆ. ನಿಜವೇ?

ಉತ್ತರ: ಮೊದಲಿಗರಲ್ಲ. ಮೂಕಿ ಚಿತ್ರಗಳ ಕಾಲದಲ್ಲೇ ಪಾಲು ಪಡೆದವರಿದ್ದರು. ಆದರೆ 1950ರ 'ವಿಂಚೆಸ್ಟರ್ '73' ಚಿತ್ರಕ್ಕೆ ಅವರು ಮಾಡಿಕೊಂಡ ಒಪ್ಪಂದ ಇಡೀ ಉದ್ಯಮದ ಲೆಕ್ಕ ಬದಲಿಸಿತು. ಆಗ ಅವರ ಸಂಭಾವನೆ ಚಿತ್ರಕ್ಕೆ ಸುಮಾರು 2 ಲಕ್ಷ ಡಾಲರ್. ಯೂನಿವರ್ಸಲ್ ಸ್ಟುಡಿಯೊಗೆ ಅಷ್ಟು ಕೊಡುವ ಶಕ್ತಿ ಇರಲಿಲ್ಲ. ಅವರ ಏಜೆಂಟ್ ಲೂ ವಾಸರ್‌ಮನ್ ಒಂದು ದಾರಿ ಹುಡುಕಿದರು: ಮುಂಗಡ ಸಂಭಾವನೆ ಬೇಡ, ಬಂದ ಲಾಭದಲ್ಲಿ ಅರ್ಧ ಕೊಡಿ.

ಇದರ ಜಾಣತನ ತಿಳಿಯಬೇಕಾದರೆ ಆಗಿನ ತೆರಿಗೆ ನೋಡಬೇಕು. 1950ರ ದಶಕದಲ್ಲಿ ಅಮೆರಿಕದ ವೈಯಕ್ತಿಕ ಆದಾಯ ತೆರಿಗೆಯ ಅತಿ ಎತ್ತರದ ದರ ಶೇ. 91ರ ಆಸುಪಾಸು. ಒಂದೇ ವರ್ಷದಲ್ಲಿ ದೊಡ್ಡ ಮೊತ್ತ ಕೈಗೆ ಬಂದರೆ ಮೇಲಿನ ಪಾಲೆಲ್ಲ ಸರ್ಕಾರಕ್ಕೆ. ಲಾಭದ ಪಾಲು ಚಿತ್ರ ಓಡಿದಂತೆ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಬರುತ್ತದೆ, ಪ್ರತಿ ವರ್ಷದ ಆದಾಯ ಕೆಳಗಿನ ದರದಲ್ಲೇ ಉಳಿಯುತ್ತದೆ. ಸ್ಟುಡಿಯೊಗೂ ಅನುಕೂಲ, ಚಿತ್ರ ಸೋತರೆ ನಟನಿಗೆ ಕೊಡಬೇಕಾದದ್ದು ಏನೂ ಇಲ್ಲ. ಚಿತ್ರ ಗೆದ್ದಿತು, ಅವರಿಗೆ ಬಂದದ್ದು ಸಾಮಾನ್ಯ ಸಂಭಾವನೆಯ ಹಲವು ಪಟ್ಟು.

ಇಂಥ ಒಪ್ಪಂದದಲ್ಲಿ ಎಡವುವುದು 'ಲಾಭ' ಎಂಬ ಪದದಲ್ಲಿ. ವಿತರಣಾ ಶುಲ್ಕ, ಪ್ರಿಂಟು ಮತ್ತು ಜಾಹೀರಾತಿನ ಖರ್ಚು, ಸಾಲದ ಬಡ್ಡಿ, ಸ್ಟುಡಿಯೊದ ಆಡಳಿತ ವೆಚ್ಚ ಇವನ್ನೆಲ್ಲ ಕಳೆದ ಮೇಲೆ ಉಳಿಯುವುದನ್ನು ಲಾಭ ಎನ್ನುತ್ತಾರೆ. ಯಾವುದನ್ನು ಎಷ್ಟು ಕಳೆಯಬಹುದು ಎಂದು ಕಾಗದದಲ್ಲಿ ಬರೆಸಿಕೊಳ್ಳದ ನಟನಿಗೆ ಜನ ಕಿಕ್ಕಿರಿದ ಚಿತ್ರದಿಂದಲೂ ಬಿಡಿಗಾಸು ಬರುವುದಿಲ್ಲ. ಸ್ಟುವರ್ಟ್ ಗೆದ್ದದ್ದು ನಟನೆಯ ಬಲದಿಂದ ಎಷ್ಟೋ, ಒಳ್ಳೆಯ ಏಜೆಂಟನ ಬಲದಿಂದಲೂ ಅಷ್ಟೇ.

ಅದೇ ಚಿತ್ರದಿಂದ ನಿರ್ದೇಶಕ ಆಂಟನಿ ಮಾನ್ ಜತೆಗಿನ ನಂಟು ಶುರು. 1950ರಿಂದ 1955ರೊಳಗೆ ಎಂಟು ಚಿತ್ರ, ಅವುಗಳಲ್ಲಿ ಐದು ವೆಸ್ಟರ್ನ್, ಅಂದರೆ ಕೌಬಾಯ್ ಚಿತ್ರ. ಕೋವಿ ಹಿಡಿಯುವ ರೀತಿ ಕಲಿಯಲು ಗುರಿಕಾರ ಹರ್ಬ್ ಪಾರ್ಸನ್ಸ್ ಬಳಿ ಅಭ್ಯಾಸ ಮಾಡಿದರು. ನಮ್ಮ ಅಭಿಪ್ರಾಯದಲ್ಲಿ ಸ್ಟುವರ್ಟ್ ಅತ್ಯುತ್ತಮ ನಟನಾಗಿ ಕಾಣುವುದು ಈ ಐದು ವೆಸ್ಟರ್ನ್‌ಗಳಲ್ಲೇ. ಒಳ್ಳೆಯ ಹುಡುಗನ ಮುಖದ ಹಿಂದೆ ಸೇಡು, ಹಠ, ಒಡೆದುಹೋಗುವಷ್ಟು ಸಿಟ್ಟು ಇಲ್ಲಿ ಮೊದಲ ಸಲ ಹೊರಬಂತು.

ಪ್ರಶ್ನೆ: ಆ ವೆಸ್ಟರ್ನ್ ಚಿತ್ರಗಳಲ್ಲೆಲ್ಲ ಒಂದೇ ಕುದುರೆಯೇ?

ಉತ್ತರ: ಬಹುಪಾಲು ಚಿತ್ರಗಳಲ್ಲಿ ಹೌದು. ಹೆಸರು ಪೈ. 1950ರಿಂದ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಅವರು ಅದನ್ನೇ ಏರಿದರು. ಕೊಳ್ಳಲು ಎಷ್ಟೋ ಸಲ ಕೇಳಿದರೂ ಒಡತಿ ಮಾರಲಿಲ್ಲ, ಹಾಗಾಗಿ ಕೊನೆಯವರೆಗೂ ಬಾಡಿಗೆಯ ಕುದುರೆಯೇ. ಬೆವರಿನ ಕಲೆ ಹಿಡಿದ ಟೋಪಿಯನ್ನೂ ಹೀಗೆಯೇ ಚಿತ್ರದಿಂದ ಚಿತ್ರಕ್ಕೆ ಒಯ್ದರು.

ಪ್ರಶ್ನೆ: ಹಿಚ್‌ಕಾಕ್ ಅವರ 'ರೋಪ್' ಇಡೀ ಚಿತ್ರ ಒಂದೇ ಟೇಕ್ ಎನ್ನುತ್ತಾರೆ. ಸಾಧ್ಯವೇ?

ಉತ್ತರ: ಆಗಿನ ಕ್ಯಾಮೆರಾದಲ್ಲಿ ಸಾಧ್ಯವೇ ಇರಲಿಲ್ಲ. 35 ಮಿ.ಮೀ. ಫಿಲ್ಮಿನಲ್ಲಿ ಒಂದು ಅಡಿಗೆ 16 ಚೌಕಟ್ಟು. ಸೆಕೆಂಡಿಗೆ 24 ಚೌಕಟ್ಟಿನ ವೇಗದಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತದೆ. ಕ್ಯಾಮೆರಾದ ಡಬ್ಬಿಯಲ್ಲಿ ಹಿಡಿಯುವುದು 1000 ಅಡಿ, ಅಂದರೆ 11 ನಿಮಿಷ. 1948ರ ಈ 80 ನಿಮಿಷದ ಚಿತ್ರದಲ್ಲಿ ಹತ್ತು ಉದ್ದನೆಯ ಶಾಟುಗಳಿವೆ. ಕೆಲವು ಕಡೆ ಯಾರದೋ ಕೋಟಿನ ಬೆನ್ನು ಕ್ಯಾಮೆರಾಗೆ ಅಡ್ಡ ಬಂದು ತೆರೆ ಕತ್ತಲಾಗುತ್ತದೆ, ಹೊಸ ಶಾಟು ಅಲ್ಲಿಂದ ಶುರು. ಉಳಿದ ಕಡೆ ನೇರವಾಗಿಯೇ ಕತ್ತರಿಸಿದ್ದಾರೆ. ಚಿತ್ರಮಂದಿರದ ರೀಲು 2000 ಅಡಿಯದು, ಸುಮಾರು 20 ನಿಮಿಷಕ್ಕೊಮ್ಮೆ ಆಪರೇಟರು ಯಂತ್ರ ಬದಲಿಸುವಾಗ ಆ ಕತ್ತರಿ ಅಲ್ಲಿ ಸೇರಿಹೋಗಲಿ ಎಂಬ ಯೋಜನೆ.

ಟೆಕ್ನಿಕಲರ್ ಕ್ಯಾಮೆರಾ ಭಾರಿ ಗಾತ್ರದ್ದು. ಅದು ಓಡಾಡಲೆಂದು ಸೆಟ್ಟಿನ ಗೋಡೆಗಳನ್ನೇ ಜಾರಿಸುವಂತೆ ಮಾಡಿ, ಮೇಜು ಕುರ್ಚಿಗಳನ್ನು ಸಹಾಯಕರು ಸದ್ದಿಲ್ಲದೆ ಸರಿಸಿ ಮತ್ತೆ ಇಡುತ್ತಿದ್ದರು. ಒಂಬತ್ತನೇ ನಿಮಿಷದಲ್ಲಿ ಒಬ್ಬ ತಪ್ಪಿದರೂ ಎಲ್ಲ ಮೊದಲಿನಿಂದ. ಸ್ಟುವರ್ಟ್‌ಗೆ ಈ ಕ್ರಮ ಹಿಡಿಸಲಿಲ್ಲ, ತಾಲೀಮು ನಡೆಯುತ್ತಿರುವುದು ನಟರದಲ್ಲ ಕ್ಯಾಮೆರಾದ್ದು ಎಂಬುದು ಅವರ ಅಸಮಾಧಾನ. ಚಿತ್ರ ನೋಡಿದರೆ ಅವರ ಮಾತು ಸರಿ ಅನ್ನಿಸುತ್ತದೆ. ಈ ಚಿತ್ರದಲ್ಲಿ ಅವರ ತಡವರಿಕೆಗೆ ಜಾಗವೇ ಇಲ್ಲ.

ಪ್ರಶ್ನೆ: 'ರಿಯರ್ ವಿಂಡೋ'ದಲ್ಲಿ ಅವರು ಹಿಡಿದಿರುವ ಕ್ಯಾಮೆರಾ ಯಾವುದು? ಆ ವಠಾರ ನಿಜವಾದದ್ದೇ?

ಉತ್ತರ: ಕಾಲು ಮುರಿದುಕೊಂಡು ಕಿಟಕಿಯಿಂದ ಎದುರು ಮನೆಗಳನ್ನು ನೋಡುತ್ತ ಕೂತ ಛಾಯಾಗ್ರಾಹಕನ ಪಾತ್ರ ಅವರದು. ಕ್ಯಾಮೆರಾ ಜರ್ಮನಿಯ ಡ್ರೆಸ್ಡನ್ ನಗರದಲ್ಲಿ ತಯಾರಾಗುತ್ತಿದ್ದ ಎಕ್ಸಾಕ್ಟಾ, ಅದಕ್ಕೆ ಸಿಕ್ಕಿಸಿದ್ದು ಕಿಲ್‌ಫಿಟ್ ಕಂಪನಿಯ 400 ಮಿ.ಮೀ. ಲೆನ್ಸ್. ಕ್ಯಾಮೆರಾದ ಹೆಸರು ಕಾಣದಂತೆ ಮುಚ್ಚಿದ್ದಾರೆ. ಕೊನೆಯ ಭಾಗದಲ್ಲಿ ಕತ್ತಲಲ್ಲಿ ನುಗ್ಗಿ ಬರುವವನ ಕಣ್ಣು ಕೋರೈಸಲು ಅವರು ಬಳಸುವುದು ಫ್ಲ್ಯಾಶ್ ಬಲ್ಬ್. ಅದು ಒಂದು ಸಲ ಉರಿದರೆ ಮುಗಿಯಿತು, ಸುಟ್ಟ ಬಲ್ಬ್ ತೆಗೆದು ಹೊಸದನ್ನು ಸಿಕ್ಕಿಸಬೇಕು. ಆ ದೃಶ್ಯದ ಎದೆಬಡಿತ ಇರುವುದೇ ಈ ಬದಲಿಸುವ ಸೆಕೆಂಡುಗಳಲ್ಲಿ. ಉರಿಸುವ ಮುನ್ನ ಪ್ರತಿ ಸಲವೂ ಅವರು ಕೈಯಿಂದ ತಮ್ಮ ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಿ, ಅದು ಕಸುಬು ಬಲ್ಲ ಛಾಯಾಗ್ರಾಹಕನ ನಡೆ.

ವಠಾರ ಪೂರ್ತಿ ಸೆಟ್. ಹಾಲಿವುಡ್ಡಿನ ಪ್ಯಾರಮೌಂಟ್ ಸ್ಟುಡಿಯೊದ 18ನೇ ಸ್ಟೇಜಿನಲ್ಲಿ (ಚಿತ್ರೀಕರಣದ ಕಟ್ಟಡ) 31 ಮನೆಗಳ ಹಿತ್ತಿಲನ್ನು ಕಟ್ಟಿದರು. ಎತ್ತರ ಸಾಲದೆ ನೆಲವನ್ನೇ ಕಿತ್ತು ಕೆಳಗಿನ ನೆಲಮಾಳಿಗೆಯನ್ನು ಅಂಗಳ ಮಾಡಿದರು. ಹಾಗಾಗಿ ಮಹಡಿಯ ಮೇಲಿದೆ ಎಂದು ಕಾಣುವ ಸ್ಟುವರ್ಟ್ ಕೋಣೆ ಇದ್ದದ್ದು ಸ್ಟೇಜಿನ ನೆಲದ ಮಟ್ಟದಲ್ಲಿ. ಎದುರು ಮನೆಗಳ ನಟರಿಗೆ ಮೈಬಣ್ಣದ ಚಿಕ್ಕ ಇಯರ್‌ಫೋನ್ ಕೊಟ್ಟು ಹಿಚ್‌ಕಾಕ್ ರೇಡಿಯೊದಲ್ಲಿ ಸೂಚನೆ ಹೇಳುತ್ತಿದ್ದರು. ಸ್ಟುವರ್ಟ್ ಮಾತ್ರ ಗಾಲಿಕುರ್ಚಿಯಲ್ಲಿ, ಕಾಲಿಗೆ ಪ್ಲಾಸ್ಟರ್. ಓಡಾಟವಿಲ್ಲ, ಚಿತ್ರದ ಬಹುಭಾಗ ಅವರು ಕೇವಲ ನೋಡುತ್ತಾರೆ. ಬರೀ ನೋಟದಿಂದ ಚಿತ್ರವೊಂದನ್ನು ಹೊತ್ತ ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಬರಲಿಲ್ಲ ಎಂಬುದು ನಮಗೆ ಇಂದಿಗೂ ಬೇಸರ.

ಪ್ರಶ್ನೆ: 'ವರ್ಟಿಗೊ'ದಲ್ಲಿ ಮೆಟ್ಟಿಲು ಕೆಳಕ್ಕೆ ಜಗ್ಗಿದಂತೆ ಕಾಣುವ ಶಾಟು ಹೇಗೆ?

ಉತ್ತರ: ಕ್ಯಾಮೆರಾ ಒಂದು ದಿಕ್ಕಿಗೆ ಸರಿಯುತ್ತಿರುವಾಗಲೇ ಜೂಮ್ ಲೆನ್ಸನ್ನು ಅದಕ್ಕೆ ಎದುರು ದಿಕ್ಕಿಗೆ ತಿರುಗಿಸುತ್ತಾರೆ. ಎರಡೂ ಸರಿಸಮ ನಡೆದರೆ ಚೌಕಟ್ಟಿನ ಅಂಚು ಕದಲುವುದಿಲ್ಲ, ಆಳ ಮಾತ್ರ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ನಿಜವಾದ ಗೋಪುರದ ಮೆಟ್ಟಿಲ ಮೇಲಿಂದ ಕ್ಯಾಮೆರಾ ಏರಿಸಿ ಇಳಿಸುವ ಯಂತ್ರಕ್ಕೆ ಬಹಳ ಖರ್ಚಾಗುತ್ತಿತ್ತು. ಹಾಗಾಗಿ ಮೆಟ್ಟಿಲಿನ ಚಿಕ್ಕ ಮಾದರಿ ಮಾಡಿ ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಕ್ಯಾಮೆರಾವನ್ನು ನೆಲದ ಮೇಲೇ ಓಡಿಸಿದರು. ಹಿಚ್‌ಕಾಕ್ ಹೇಳಿದ ಲೆಕ್ಕದಂತೆ ಖರ್ಚು 19,000 ಡಾಲರ್.

ಪ್ರಶ್ನೆ: ಈ ಚಿತ್ರಗಳನ್ನು ಮನೆಯಲ್ಲಿ ನೋಡುವಾಗ ಯಾವ ಪ್ರತಿ ಆರಿಸಬೇಕು? ನನ್ನ ಟಿ.ವಿ.ಯಲ್ಲಿ ಸ್ಟುವರ್ಟ್ ದಪ್ಪಗೆ ಕಾಣುತ್ತಾರೆ!

ಉತ್ತರ: ದಪ್ಪ ಕಾಣುವುದಕ್ಕೆ ಕಾರಣ ಟಿ.ವಿ. ಚಿತ್ರವನ್ನು ಅಡ್ಡಕ್ಕೆ ಎಳೆಯುತ್ತಿರುವುದು. 1953ಕ್ಕೆ ಮೊದಲಿನ ಅವರ ಚಿತ್ರಗಳೆಲ್ಲ ಹೆಚ್ಚುಕಡಿಮೆ ಚೌಕಾಕಾರ, ಅಗಲ–ಎತ್ತರದ ಅನುಪಾತ 1.37ಕ್ಕೆ 1. ಸೆಟ್ಟಿಂಗಿನಲ್ಲಿ ಮೂಲ ಅನುಪಾತ ಅಥವಾ 4:3 ಆರಿಸಿ, ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಅದೇ ಸರಿ. 'ವರ್ಟಿಗೊ' 1.85ರ ಅಗಲದ್ದು, ಅಲ್ಲಿ ಟಿ.ವಿ. ಬಹುತೇಕ ತುಂಬಬೇಕು. ಚಲನೆಯನ್ನು ನುಣುಪು ಮಾಡುವ ಸೌಲಭ್ಯ ಇದ್ದರೆ ಅದನ್ನು ಬಂದ್ ಮಾಡಿಬಿಡಿ, ಇಲ್ಲದಿದ್ದರೆ ಎಲ್ಲವೂ ಧಾರಾವಾಹಿಯ ಹಾಗೆ ಕಾಣುತ್ತದೆ.

'ವಂಡರ್‌ಫುಲ್ ಲೈಫ್'ಗೆ ಬಣ್ಣ ಹಚ್ಚಿದ ಪ್ರತಿಗಳಿವೆ. ಸ್ಟುವರ್ಟ್ ಸ್ವತಃ ಇದನ್ನು ಬಲವಾಗಿ ವಿರೋಧಿಸಿದ್ದರು. ಕಪ್ಪುಬಿಳುಪನ್ನೇ ನೋಡಿ. ಹಕ್ಕಿಲ್ಲದ ಕಾಲದಲ್ಲಿ ಪ್ರತಿಯಿಂದ ಪ್ರತಿ ತೆಗೆದ ಅಗ್ಗದ ಡಿ.ವಿ.ಡಿ.ಗಳೂ ಬೇಡ. ಅವುಗಳಲ್ಲಿ ಹಿಮದ ಬಿಳುಪೆಲ್ಲ ಒಂದೇ ಹಚ್ಚಡವಾಗಿರುತ್ತದೆ. 'ವರ್ಟಿಗೊ' 1973ರಿಂದ ಹತ್ತು ವರ್ಷ ಚಲಾವಣೆಯಲ್ಲೇ ಇರಲಿಲ್ಲ, ಮಾಸಿದ ನೆಗೆಟಿವ್‌ನಿಂದ 1996ರಲ್ಲಿ ಪುನರುದ್ಧಾರವಾಯಿತು. ಅದಕ್ಕೆ ಮೊದಲಿನ ಪ್ರತಿಗಳಲ್ಲಿ ಬಣ್ಣ ಸೊರಗಿರುತ್ತದೆ. ಪುನರುದ್ಧಾರದ ಪ್ರತಿಯಲ್ಲಿ ಹೆಜ್ಜೆ ಸಪ್ಪಳದಂಥ ಕೆಲವು ಸದ್ದುಗಳನ್ನು ಹೊಸದಾಗಿ ಮುದ್ರಿಸಿದ್ದಾರೆ. ಮೂಲ ಮೋನೊ (ಒಂದೇ ವಾಹಿನಿಯ) ಧ್ವನಿಯೂ ಇರುವ ಡಿಸ್ಕ್ ಸಿಕ್ಕರೆ ಅದನ್ನೇ ಕೇಳಿ.

ಓಟದ ಅವಧಿಯನ್ನೂ ನೋಡಿ. 'ವಂಡರ್‌ಫುಲ್ ಲೈಫ್' ಸುಮಾರು 130 ನಿಮಿಷ. ನಿಮ್ಮ ಡಿ.ವಿ.ಡಿ. 125 ನಿಮಿಷ ತೋರಿಸಿದರೆ ದೃಶ್ಯ ಕತ್ತರಿಸಿದ್ದಾರೆ ಎಂದು ಗಾಬರಿಯಾಗಬೇಡಿ. ಪಾಲ್ (PAL) ಎಂಬ ಟಿ.ವಿ. ಪದ್ಧತಿಯ ಡಿ.ವಿ.ಡಿ.ಗಳು ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡಿಸುತ್ತವೆ. ವೇಗ ಶೇ. 4ರಷ್ಟು ಹೆಚ್ಚುವುದರಿಂದ ಶ್ರುತಿಯೂ ಒಂದು ಸ್ವರಸ್ಥಾನದ ಮುಕ್ಕಾಲು ಪಾಲು ಏರಬಹುದು. ಶ್ರುತಿಯನ್ನು ಸರಿಪಡಿಸಿದ ಡಿಸ್ಕ್‌ಗಳಲ್ಲೂ ಸ್ಟುವರ್ಟ್ ಎರಡು ಪದದ ನಡುವೆ ಬಿಡುವ ಮೌನ ಅಷ್ಟರಮಟ್ಟಿಗೆ ಮೊಟಕಾಗಿಯೇ ಇರುತ್ತದೆ. ಮೊದಲ ಪ್ರಶ್ನೆ ಕೇಳಿದವರು ಅಭ್ಯಾಸಕ್ಕೆ ಬ್ಲೂ-ರೇ ಅಥವಾ 24 ಚೌಕಟ್ಟಿನ ಪ್ರತಿಯನ್ನೇ ಇಟ್ಟುಕೊಳ್ಳಲಿ.